ಸಾವನದುರ್ಗಕ್ಕೆ ಬಂದ ಮರಬಾರ್ ಗುಹೆಗಳು

ಬಿಹಾರದ ಗಯಾ ಬಳಿಯ ಬರಾಬರ್ ಗುಡ್ಡಗಳನ್ನು ಕಂಡು ಚಿತ್ರನಿರ್ದೇಶಕ ಡೇವಿಡ್ ಲೀನ್‌ಗೆ ನಿರಾಸೆಯಾಯಿತು. ಅವರು ತೆರೆಗೆ ತರಹೊರಟಿದ್ದ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯ ಮರಬಾರ್ ಗುಹೆಗಳನ್ನು ಇ.ಎಂ. ಫಾರ್ಸ್ಟರ್ ಕಟ್ಟಿಕೊಂಡದ್ದು ಇಲ್ಲಿನ ಗುಹೆಗಳಿಂದಲೇ. ಅಶೋಕನ ಕಾಲದಲ್ಲಿ ಆಜೀವಕ ಸನ್ಯಾಸಿಗಳಿಗಾಗಿ ಕೊರೆದವು. ನುಣುಪಾದ ಒಳಗೋಡೆ, ಸಣ್ಣ ಸದ್ದಿಗೂ ಮಾರ್ದನಿ. ಕಾದಂಬರಿಗೆ ಅಷ್ಟು ಸಾಕಿತ್ತು. ಕ್ಯಾಮೆರಾ ಕಣ್ಣಿಗೆ ಮಾತ್ರ ಗುಡ್ಡ ಸಪ್ಪೆ, ಜೊತೆಗೆ ಡಕಾಯಿತರ ಭಯ ಬೇರೆ.

ಹೀಗೆ ಮರಬಾರ್ ಕರ್ನಾಟಕಕ್ಕೆ ಬಂತು. ಮಾಗಡಿ ಸೀಮೆಯ ಸಾವನದುರ್ಗ ಮತ್ತು ರಾಮನಗರದ ರಾಮದೇವರ ಬೆಟ್ಟವನ್ನು ಲೀನ್ ಆರಿಸಿಕೊಂಡರು. ಬೇಕಾದಂಥ ಗುಹೆಬಾಯಿಗಳು ಅಲ್ಲಿರಲಿಲ್ಲ. ಚಿತ್ರತಂಡವೇ ಬಂಡೆ ಕೊರೆಸಿತು. 1791ರ ಡಿಸೆಂಬರ್‌ನಲ್ಲಿ ಟಿಪ್ಪುವಿನ ಕೈಯಿಂದ ಕಾರ್ನ್‌ವಾಲಿಸ್‌ನ ಸೇನೆ ಕಿತ್ತುಕೊಂಡ ದುರ್ಗ ಈ ಸಾವನದುರ್ಗ. ಬ್ರಿಟಿಷ್ ಆಳ್ವಿಕೆಯ ಒಳಬಿರುಕನ್ನು ತೋರಿಸುವ ಚಿತ್ರಕ್ಕೆ ಇದಕ್ಕಿಂತ ತಕ್ಕ ಬಂಡೆ ಸಿಗುವುದು ಕಷ್ಟವಿತ್ತು. ಕಾದಂಬರಿಯ ಊರಾದ ಚಂದ್ರಾಪುರದ ಬಜಾರ್ ಬೆಂಗಳೂರು ಅರಮನೆಯ ಆವರಣದಲ್ಲಿ ಎದ್ದು ನಿಂತಿತು. ಗುಡ್ಡಕ್ಕೆ ಹೊರಟ ರೈಲು ನೀಲಗಿರಿಯದು. ರಾಮನಗರಕ್ಕೇನೂ ಸಿನಿಮಾ ಹೊಸದಲ್ಲ. ‘ಶೋಲೆ’ಯ ಗಬ್ಬರ್ ಅಲ್ಲಿ ಆಗಲೇ ಬೀಡುಬಿಟ್ಟು ಹೋಗಿದ್ದ.

ಫಾರ್ಸ್ಟರ್ ಬದುಕಿದ್ದರೆ ಇದೊಂದೂ ನಡೆಯುತ್ತಿರಲಿಲ್ಲ. 1912–13ರಲ್ಲಿ ಮೊದಲ ಸಲ ಭಾರತ ಸುತ್ತಿದ ಅವರು, 1921ರಲ್ಲಿ ದೇವಾಸ್ ಮಹಾರಾಜನ ಖಾಸಗಿ ಕಾರ್ಯದರ್ಶಿಯಾಗಿ ಮತ್ತೆ ಬಂದರು. ಕಾದಂಬರಿ ಹೊರಬಂದದ್ದು 1924ರಲ್ಲಿ. ಶಾಂತಾ ರಾಮ ರಾವ್ ಮಾಡಿದ ರಂಗರೂಪಕ್ಕೆ ಅವರು ಒಪ್ಪಿದರು. ಅದು 1960ರಲ್ಲಿ ರಂಗಕ್ಕೇರಿತು, 1965ರಲ್ಲಿ ಬಿಬಿಸಿ ಅದನ್ನು ಟಿವಿಗೂ ತಂದಿತು. ಸಿನಿಮಾಕ್ಕೆ ಮಾತ್ರ ಖಡಾಖಂಡಿತ ನಕಾರ. ಸತ್ಯಜಿತ್ ರಾಯ್ ಆಸೆಪಟ್ಟರೂ ಕೆಲಸ ಕೈಗೂಡಲಿಲ್ಲ. ಸಿನಿಮಾ ಇಂಗ್ಲಿಷರದೋ ಭಾರತೀಯರದೋ ಒಂದು ಪಕ್ಷ ಹಿಡಿದುಬಿಡುತ್ತದೆ ಎಂಬುದು ಫಾರ್ಸ್ಟರ್‌ರ ಅಂಜಿಕೆ. 1970ರಲ್ಲಿ ಅವರು ತೀರಿಕೊಂಡ ಮೇಲೆ ಹಕ್ಕು ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಕೈಗೆ ಬಂತು, ಬಾಗಿಲೂ ತೆರೆಯಿತು.

ಹದಿನಾಲ್ಕು ವರ್ಷಗಳಿಂದ ಚಿತ್ರ ಮಾಡದಿದ್ದ ಲೀನ್‌ಗೆ 1984ರ ಈ ಚಿತ್ರ ಮರುಹುಟ್ಟು ಕೊಟ್ಟಿತು. ಅದೇ ಅವರ ಕೊನೆಯ ಚಿತ್ರವೂ ಆಯಿತು. ಹನ್ನೊಂದು ಆಸ್ಕರ್ ನಾಮನಿರ್ದೇಶನಗಳಲ್ಲಿ ಎರಡು ಗೆದ್ದವು: ಮಿಸೆಸ್ ಮೂರ್ ಆದ ಪೆಗ್ಗಿ ಆ್ಯಶ್‌ಕ್ರಾಫ್ಟ್ ಮತ್ತು ಸಂಗೀತ ನೀಡಿದ ಮಾರಿಸ್ ಜಾರ್. ವಿಕ್ಟರ್ ಬ್ಯಾನರ್ಜಿಯ ಡಾ. ಅಜೀಜ್ ಚಿತ್ರದ ಜೀವ. ಆದರೆ ಪ್ರೊಫೆಸರ್ ಗೋಡ್ಬೋಲೆಯಾಗಿ ಬಣ್ಣ ಬಳಿದುಕೊಂಡ ಅಲೆಕ್ ಗಿನ್ನೆಸ್ ಇಂದು ನೋಡುವವರಿಗೆ ಮುಜುಗರ ತರಿಸುತ್ತಾರೆ. ಕಾದಂಬರಿಯ ಕೊನೆಯ ಭಾಗವನ್ನು ತುಂಬಿಕೊಂಡ ಗೋಕುಲಾಷ್ಟಮಿಯನ್ನು ಬದಿಗಿಟ್ಟು ಲೀನ್ ಕಥೆಯನ್ನು ಹಿಮದ ಕಾಶ್ಮೀರಕ್ಕೆ ಒಯ್ದರು. ದೊರೆ-ಆಳು ಸಂಬಂಧ ಇರುವತನಕ ಸ್ನೇಹ ಸಾಧ್ಯವಿಲ್ಲ ಎಂಬ ಫಾರ್ಸ್ಟರ್‌ರ ಕಟುಮಾತು ಅಲ್ಲಿ ಕರಗಿಹೋಯಿತು. ಅವರು ಅಂಜಿದಂತೆ ಲೀನ್ ಒಂದು ಪಕ್ಷ ಹಿಡಿಯಲಿಲ್ಲ. ಎರಡೂ ಪಕ್ಷಗಳಿಗೆ ರಾಜಿ ಮಾಡಿಸಿದರು. ಅದು ಇನ್ನೂ ದೊಡ್ಡ ಬದಲಾವಣೆ.

ಆಮೇಲೆ ಫಾರ್ಸ್ಟರ್‌ಗೆ ಪರದೆಯ ಮೇಲೆ ಸುಗ್ಗಿ. ಮುಂಬೈಯ ಇಸ್ಮಾಯಿಲ್ ಮರ್ಚೆಂಟ್ ಮತ್ತು ಜೇಮ್ಸ್ ಐವರಿ ಜೋಡಿ ‘ಎ ರೂಮ್ ವಿತ್ ಎ ವ್ಯೂ’ (1985), ‘ಮಾರಿಸ್’ (1987), ‘ಹೋವರ್ಡ್ಸ್ ಎಂಡ್’ (1992) ತೆಗೆಯಿತು. 1991ರಲ್ಲಿ ಚಾರ್ಲ್ಸ್ ಸ್ಟರಿಜ್ ‘ವೇರ್ ಏಂಜಲ್ಸ್ ಫಿಯರ್ ಟು ಟ್ರೆಡ್’ ಮಾಡಿದರು. ಸಿನಿಮಾ ಬೇಡವೆಂದವರ ಆರು ಕಾದಂಬರಿಗಳಲ್ಲಿ ಐದು ಎಂಟೇ ವರ್ಷಗಳಲ್ಲಿ ತೆರೆಗೆ ಬಂದವು. ಆ ಸಾಲಿನಿಂದ ಹೊರಗುಳಿದದ್ದು 1907ರ ‘ದಿ ಲಾಂಗೆಸ್ಟ್ ಜರ್ನಿ’ ಒಂದೇ.