ಷರಾ ಅಂಕಣದ ಹಿಂದುಮುಂದು

ಕಚೇರಿಯ ಬೀರುವಿನಿಂದ ಹಳೆಯ ಸೇವಾ ಪುಸ್ತಕವೊಂದನ್ನು ಹೊರತೆಗೆದು, ಅಂಚು ಸವೆದ ಅದರ ಮೊದಲ ಪುಟವನ್ನು ತೆರೆದರೆ, ನೌಕರನ ಹೆಸರು, ತಂದೆಯ ಹೆಸರು, ಜನ್ಮದಿನಾಂಕ, ಅಡಿ ಅಂಗುಲಗಳಲ್ಲಿ ಬರೆದ ಎತ್ತರ, ಎಡಗೈ ಬೆರಳುಗಳ ಮಸಿಯೊತ್ತು, ಇವುಗಳ ನಡುವೆ ‘ಬಲಗೆನ್ನೆಯ ಮೇಲೆ ಕರಿಯ ಮಚ್ಚೆ’ ಎಂಬಂಥ ಗುರುತೊಂದು ಕಾಣಸಿಗುವುದು. ಅಚ್ಚಾದ ಕಾಲಂಗಳೆಲ್ಲ ನಿಯಮ ರಚಿಸಿದವರ ದೂರದೃಷ್ಟಿಯ ಫಲ. ಆ ದೃಷ್ಟಿಗೆ ನಿಲುಕದುದಕ್ಕೆಂದು ನಮ್ಮ ರಿಜಿಸ್ಟರುಗಳ ಕೊನೆಯಲ್ಲಿ ‘ಷರಾ’ ಎಂಬ ಅಂಕಣವಿರುತ್ತಿತ್ತು. ಹೆಸರಿನ ತಿದ್ದುಪಡಿ, ತಡವಾಗಿ ಬಂದ ಆದೇಶ, ರಜೆಯ ಲೆಕ್ಕದಲ್ಲಿ ಎದ್ದ ತಕರಾರು, ಏನಾದರಾಗಲಿ, ಗುಮಾಸ್ತನು ಅಲ್ಲಿ ಎರಡು ಸಾಲು ಬರೆದು ಮೇಲಧಿಕಾರಿಯು ಸಹಿ ಮಾಡಿದನೆಂದರೆ ಅದು ದಾಖಲೆಯಾಯಿತು.

ಯಂತ್ರದ ಕಾಲ ಬಂದಾಗ ಈ ಸೌಕರ್ಯ ತಪ್ಪಿಹೋಯಿತು. ಅಮೆರಿಕದ 1890ರ ಜನಗಣತಿಯಲ್ಲಿ ಬಳಕೆಯಾದ ಹರ್ಮನ್ ಹಾಲರಿತ್‌ನ ಪಂಚ್ ಕಾರ್ಡಿನ ಪದ್ಧತಿಯು ಕ್ರಮೇಣ ಸಂಬಳದ ಲೆಕ್ಕಕ್ಕೂ ಹಬ್ಬಿ, 1928ರಲ್ಲಿ ಐಬಿಎಂ ಸಂಸ್ಥೆಯು 80 ಕಂಬಸಾಲುಗಳ ಕಾರ್ಡನ್ನು ಹೊರತಂದ ಮೇಲೆ, ಒಬ್ಬ ಮನುಷ್ಯನ ವಿಷಯವಾಗಿ ಒಂದು ಕಾರ್ಡಿನಲ್ಲಿ ಹೇಳಬಹುದಾದುದೆಲ್ಲವೂ ಆ 80 ಕಂಬಸಾಲುಗಳ ರಂಧ್ರಗಳಲ್ಲಿಯೇ ಅಡಕವಾಗಬೇಕಾಯಿತು. ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆಯುವ ರೂಢಿಗೆ ಈ ಇಕ್ಕಟ್ಟೂ ಒಂದು ಕಾರಣ. ಕೆನ್ನೆಯ ಮಚ್ಚೆಗೆ ಅಲ್ಲಿ ಎಡೆಯೆಲ್ಲಿಯದು?

ಒಂದೇ ತಂತ್ರಾಂಶವನ್ನು ನೂರು ಸಂಸ್ಥೆಗಳಿಗೆ ಮಾರತೊಡಗಿದವರಿಗೆ, ನೂರು ಸಂಸ್ಥೆಗಳ ಪದ್ಧತಿಯನ್ನೂ ತಾವು ಮೊದಲೇ ಊಹಿಸಲಾರೆವೆಂಬುದು ಮನವರಿಕೆಯಾದ ಬಳಿಕ ಷರಾ ಬೇರೊಂದು ವೇಷದಲ್ಲಿ ಮರಳಿತು. ಜರ್ಮನಿಯ ಸ್ಯಾಪ್ ಸಂಸ್ಥೆಯು ನೌಕರನ ವಿವರಗಳನ್ನು ‘ಇನ್ಫೋಟೈಪ್’ ಎಂಬ ಸಂಖ್ಯಾಬದ್ಧ ಗುಂಪುಗಳಾಗಿ ವಿಂಗಡಿಸಿ, 9000ದಿಂದ 9999ರವರೆಗಿನ ಸಂಖ್ಯೆಗಳನ್ನು ಕೊಂಡವರ ಸ್ವಂತ ಬಳಕೆಗೆಂದೇ ಬಿಟ್ಟುಕೊಟ್ಟಿತು. ಒರಾಕಲ್‌ನ ‘ಫ್ಲೆಕ್ಸ್‌ಫೀಲ್ಡ್’ ಇನ್ನೂ ಸರಳವಾದುದು: ಅಟ್ರಿಬ್ಯೂಟ್ 1, ಅಟ್ರಿಬ್ಯೂಟ್ 2 ಎಂದು ಖಾಲಿ ಅಂಕಣಗಳನ್ನು ಕೋಷ್ಟಕದಲ್ಲಿ ಮೊದಲೇ ಇರಿಸಿ, ಅವಕ್ಕೆ ಅರ್ಥ ಕೊಡುವ ಅಧಿಕಾರವನ್ನು ಗ್ರಾಹಕನಿಗೇ ವಹಿಸಿತು. ಒಂದು ಕಾರ್ಖಾನೆಯಲ್ಲಿ ರಕ್ತದ ಗುಂಪನ್ನು ಹೊತ್ತ ಅಂಕಣವೇ ಮತ್ತೊಂದರಲ್ಲಿ ಬಸ್ಸಿನ ಮಾರ್ಗವನ್ನು ಹೊರಬಹುದು. ಬರೆದುದನ್ನು ಕ್ಷಣಾರ್ಧದಲ್ಲಿ ಹುಡುಕಿ ಎಣಿಸಬಹುದೆಂಬುದು ಇದರ ಹಿರಿಮೆ, ನಿಜ. ಆದರೆ ಅರ್ಥ ಕೊಟ್ಟವನು ಕೆಲಸ ಬಿಟ್ಟುಹೋದ ಮೇಲೆ ಅಂಕಿಗಳು ಉಳಿದು ತಾತ್ಪರ್ಯ ಅಳಿಯುವುದುಂಟು, ಹಾಳೆಯ ಮೇಲೆ ಕಾಣುತ್ತಿದ್ದ ಸಹಿಯಂತೆ ಇಲ್ಲಿ ಬರೆದವನ ಕೈ ಕಣ್ಣಿಗೆ ಬೀಳದು.

ನಮ್ಮ ನಾಡಿನ ಸೇವಾ ದಾಖಲೆಯೂ ಇಂಥ ಸೇರ್ಪಡೆಗಳಿಂದಲೇ ಬೆಳೆದಿದೆ. 2006ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರದ ಸೇವೆಗೆ ಸೇರಿದವರಿಗೆ ಹೊಸ ಪಿಂಚಣಿ ಯೋಜನೆ ಅನ್ವಯವಾದಾಗ ‘ಪ್ರಾನ್’ ಎಂಬ 12 ಅಂಕಿಗಳ ನಿವೃತ್ತಿ ಖಾತೆ ಸಂಖ್ಯೆಯೊಂದು ಬಂದಿತು; ಸಂವಿಧಾನದ 371ಜೆ ವಿಧಿಯು 2013ರಲ್ಲಿ ಜಾರಿಗೆ ಬಂದು ಸ್ಥಳೀಯ ವೃಂದಗಳು ಏರ್ಪಟ್ಟಾಗ, ನೌಕರನು ಕಲ್ಯಾಣ ಕರ್ನಾಟಕದ ಸ್ಥಳೀಯನೋ ಅಲ್ಲವೋ ಎಂಬುದು ಅವನ ಬಡ್ತಿಯನ್ನೇ ಮುಟ್ಟುವ ವಿವರವಾಯಿತು. 1958ರಲ್ಲಿ ಕರ್ನಾಟಕ ನಾಗರಿಕ ಸೇವಾ ನಿಯಮಗಳನ್ನು ರಚಿಸಿದವರ ಎಣಿಕೆಯಲ್ಲಿ ಇವೆರಡೂ ಇದ್ದಿರಲಾರವು. ಬದುಕನ್ನೇ ತಿರುಗಿಸಬಲ್ಲ ಇಂಥ ಅಂಕಣಗಳನ್ನು ಇಂದು ತೆರೆಯುತ್ತಿರುವವರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಪ್ರತಿಯೊಂದನ್ನೂ ಯಾರು, ಯಾವ ದಿನ, ಯಾವ ಆದೇಶದ ಮೇರೆಗೆ ತೆರೆದರೆಂಬುದನ್ನು, ಆ ಹಳೆಯ ಗುಮಾಸ್ತನಂತೆ, ಅದರ ಪಕ್ಕದಲ್ಲಿಯೇ ನಮೂದಿಸಿರಿ.