ಒಂದೇ ಪಂಕ್ತಿಯಲ್ಲಿ ಕಲಿತ ಸಭಾಪಾಲಕರು

ಪುಣೆಯ ಕೊಂಢವಾಕ್ಕೆ ಅಂಟಿಕೊಂಡಂತಿರುವ ಬಿಬವೇವಾಡಿಯಲ್ಲಿ ಯೂನಿಯನ್ ಬಿಬ್ಲಿಕಲ್ ಸೆಮಿನರಿ ಇದೆ. 1953ರಲ್ಲಿ ವಿದರ್ಭದ ಯವತ್ಮಾಳದಲ್ಲಿ ಶುರುವಾಗಿ 1983ರಲ್ಲಿ ಪುಣೆಗೆ ಬಂದ ಸಂಸ್ಥೆ ಇದು. ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ ಪರಂಪರೆಯ) ಕಾಲೇಜೆಂದು ಇದನ್ನು ಕರೆಯಲಾಗದು. ಹಲವು ಸಭೆಗಳು ಸೇರಿ ಕಟ್ಟಿದ್ದು. ಆಂಗ್ಲಿಕನ್ ಪರಂಪರೆಯನ್ನು ಒಳಗೊಂಡ ಚರ್ಚ್ ಆಫ್ ನಾರ್ತ್ ಇಂಡಿಯಾ (ಸಿ.ಎನ್.ಐ.), ಚರ್ಚ್ ಆಫ್ ಸೌತ್ ಇಂಡಿಯಾ (ಸಿ.ಎಸ್.ಐ.) ಸಭೆಗಳಿಂದ ಬಂದವರೂ ಬೇರೆ ಸಭೆಗಳವರೂ ಇಲ್ಲಿ ಒಟ್ಟಿಗೆ ಉಳಿದು ಓದುತ್ತಾರೆ. ಆ ಒಟ್ಟಿಗೆ ಉಳಿಯುವುದೇ ಸಭಾಪಾಲಕನ ನಿಜವಾದ ತರಬೇತಿ ಎಂಬುದು ನನ್ನ ದೃಢವಾದ ನಂಬಿಕೆ.

ಗ್ರೀಕ್, ಹೀಬ್ರೂ, ಸಭಾಚರಿತ್ರೆಗಳನ್ನು ಮನೆಯಲ್ಲಿದ್ದೂ ಕಲಿಯಬಹುದು. ಬೆಳಗಿನ ಪ್ರಾರ್ಥನೆಗೆ ಮನಸ್ಸಿಲ್ಲದ ದಿನವೂ ಎದ್ದು ಹೋಗುವುದನ್ನು, ನಿನ್ನೆ ಜಗಳವಾಡಿದವನ ಪಕ್ಕದಲ್ಲೇ ಕೂತು ಪ್ರಭುಭೋಜನ ತೆಗೆದುಕೊಳ್ಳುವುದನ್ನು ಯಾವ ಪುಸ್ತಕವೂ ಕಲಿಸದು. ಆಂಗ್ಲಿಕನ್ನರು ಇದನ್ನು ಬೇಗ ಕಂಡುಕೊಂಡರು. ಆಕ್ಸ್‌ಫರ್ಡ್ ಬಳಿಯ ಕಡ್ಸ್‌ಡನ್ ಕಾಲೇಜು ತೆರೆದದ್ದು 1854ರಲ್ಲಿ. ಕಲಕತ್ತೆಯ ಬಿಷಪ್ಸ್ ಕಾಲೇಜು ಅದಕ್ಕೂ ಹಿಂದಿನದು, 1820ರದು. ಈ ಪರಂಪರೆಯಲ್ಲಿ ಓದು ಮುಗಿಸಿದವನು ನೇರವಾಗಿ ಸಭಾಪಾಲಕನಾಗುವುದಿಲ್ಲ. ಬಿಷಪರ ಹಸ್ತಾರ್ಪಣೆಯಿಂದ ಮೊದಲು ಡೀಕನ್, ಆಮೇಲೆ ಪ್ರೆಸ್ಬಿಟರ್.

ಪುಣೆಯ ಆಂಗ್ಲಿಕನ್ ಚರಿತ್ರೆಗೂ ಕನ್ನಡ ನಾಡಿಗೂ ಹಳೆಯ ನಂಟಿದೆ. ಕರ್ನಾಟಕದ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ್ದ ಪಂಡಿತಾ ರಮಾಬಾಯಿ 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ, ಆಂಗ್ಲಿಕನ್ ಸೋದರಿಯರ ಮಠದಲ್ಲಿದ್ದಾಗ ದೀಕ್ಷಾಸ್ನಾನ ಪಡೆದರು. ಅವರ ಮನಸ್ಸನ್ನು ಕ್ರೈಸ್ತ ಧರ್ಮದತ್ತ ತಿರುಗಿಸಿದವರಲ್ಲಿ ಆಂಗ್ಲಿಕನ್ ಗುರು ನೆಹೆಮಿಯಾ ಗೋರೆ ಮುಖ್ಯರು. ಒಟ್ಟಿಗೆ ಬಾಳುವ ಪಾಠವೂ ಪುಣೆಯಲ್ಲಿ ಹಳೆಯದೇ: 1927ರಲ್ಲಿ ಇಂಗ್ಲೆಂಡಿನ ಆಂಗ್ಲಿಕನ್ ಗುರು ವೆರಿಯರ್ ಎಲ್ವಿನ್ ಇಲ್ಲಿಯ ಕ್ರಿಸ್ತ ಸೇವಾ ಸಂಘದ ಆಶ್ರಮಕ್ಕೆ ಬಂದರು. ಆಕ್ಸ್‌ಫರ್ಡಿನ ದೇವಶಾಸ್ತ್ರ ಕಾಲೇಜಾದ ವಿಕ್ಲಿಫ್ ಹಾಲ್‌ನಲ್ಲಿ ವೈಸ್ ಪ್ರಿನ್ಸಿಪಾಲರಾಗಿದ್ದವರು ಇಲ್ಲಿ ಖಾದಿಯುಟ್ಟು ನೆಲದ ಮೇಲೆ ಕೂತರು. ಮುಂದೆ ಅವರು ಸಭೆಯನ್ನೇ ಬಿಟ್ಟು ಬೇರೆ ದಾರಿ ಹಿಡಿದರೂ ಆ ಆಶ್ರಮವಾಸದ ಬೆಲೆ ಕಡಿಮೆಯಾಗದು.

ಕನ್ನಡಿಗರಿಗೆ ಹೆಚ್ಚು ಹತ್ತಿರದ ಹೆಸರು ಮಂಗಳೂರಿನ ಬಲ್ಮಠ. ಅಲ್ಲಿಯ ಬಾಸೆಲ್ ಮಿಷನ್ ಸೆಮಿನರಿ ಆಂಗ್ಲಿಕನ್ ಆಗಿರಲಿಲ್ಲ, ಆದರೆ ಕನ್ನಡದಲ್ಲೇ ದೇವಶಾಸ್ತ್ರ ಬೋಧಿಸಿತು. ಅಲ್ಲಿ ಕಲಿತ ಉತ್ತಂಗಿ ಚನ್ನಪ್ಪನವರು ಸಭಾಪಾಲಕರಾಗಿದ್ದುಕೊಂಡೇ ಸರ್ವಜ್ಞನ ವಚನಗಳನ್ನು ಹುಡುಕಿ ಸಂಗ್ರಹಿಸಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಸಭಾಪಾಲಕನ ತರಬೇತಿ ನಾಡಿನ ನುಡಿಯಲ್ಲಿ ಬೇರೂರಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನಾನು ಕಾಣೆ. 1965ರಲ್ಲಿ ತುಮಕೂರಿನ ಸೆಮಿನರಿಯೂ ಬಲ್ಮಠದ್ದೂ ಕೂಡಿ ಕರ್ನಾಟಕ ತಿಯೊಲಾಜಿಕಲ್ ಕಾಲೇಜಾಯಿತು.

ಸಭೆಗಳ ಐಕ್ಯದ ಮಾತು ಬಂದಾಗ ನಾವು ಎರಡು ದಿನಗಳನ್ನು ನೆನೆಯುತ್ತೇವೆ: ಮದ್ರಾಸಿನಲ್ಲಿ ಸಿ.ಎಸ್.ಐ. ಆದ 1947ರ ಸೆಪ್ಟೆಂಬರ್ 27, ನಾಗಪುರದಲ್ಲಿ ಸಿ.ಎನ್.ಐ. ಆದ 1970ರ ನವೆಂಬರ್ 29. ಎರಡರಲ್ಲೂ ಆಂಗ್ಲಿಕನ್ನರು ಸೇರಿದ್ದರು. ಆದರೆ ಬೆಂಗಳೂರಿನ ಯುನೈಟೆಡ್ ತಿಯೊಲಾಜಿಕಲ್ ಕಾಲೇಜು ಹಲವು ಮಿಷನ್‌ಗಳ ವಿದ್ಯಾರ್ಥಿಗಳನ್ನು 1910ರಲ್ಲೇ ಒಂದೆಡೆ ಕೂರಿಸಿತ್ತು. ಹಿರಿಯರು ಕರಾರುಗಳ ಮೇಲೆ ವರ್ಷಗಟ್ಟಲೆ ಚರ್ಚಿಸುತ್ತಿದ್ದಾಗ ಹುಡುಗರು ಒಂದೇ ಪಂಕ್ತಿಯಲ್ಲಿ ಉಂಡು ಎದ್ದಿದ್ದರು.

ಈಗ ಅಂಚೆಯಲ್ಲಿ, ಆನ್‌ಲೈನಿನಲ್ಲಿ ದೇವಶಾಸ್ತ್ರದ ಪದವಿ ಸಿಗುತ್ತದೆ. ಮನೆ ಬಿಡಲಾಗದವರಿಗೆ ಅದು ಬೇಕು. ಆದರೆ ಅದೇ ಸಾಕೆಂದು ಸಭೆಗಳು ತೀರ್ಮಾನಿಸಿದರೆ ದೊಡ್ಡ ನಷ್ಟ.

ಕೊಂಢವಾ, ಬಿಬವೇವಾಡಿ ಸುತ್ತಲಿನ ಕನ್ನಡ ಕುಟುಂಬಗಳಲ್ಲಿ ನನ್ನದೊಂದು ಕೋರಿಕೆ. ಸೆಮಿನರಿಯಲ್ಲಿ ಕನ್ನಡ ಬಲ್ಲ ವಿದ್ಯಾರ್ಥಿಗಳಿದ್ದರೆ ವಿಚಾರಿಸಿ, ಭಾನುವಾರ ಊಟಕ್ಕೆ ಕರೆಯಿರಿ, ನಿಮ್ಮ ಮನೆಯ ಪ್ರಾರ್ಥನಾ ಕೂಟದಲ್ಲಿ ಕನ್ನಡದಲ್ಲೇ ಪ್ರಸಂಗ ಮಾಡಲು ಅವಕಾಶ ಕೊಡಿ. ನಾಳೆ ನಮ್ಮ ಸಭೆಗಳನ್ನು ನಡೆಸುವವರು ಅವರೇ.