ಕಣ್ಣಿಗೆ ಕಾಣದ ಕಲಬೆರಕೆ

ಕಲಬೆರಕೆ ಎಂದೊಡನೆ ಅಕ್ಕಿಯಲ್ಲಿ ಕಲ್ಲು, ಮೆಣಸಿನಲ್ಲಿ ಪರಂಗಿ ಬೀಜ, ಹಾಲಿನಲ್ಲಿ ನೀರು ನೆನಪಾಗುವುದು ಪೇಟೆಯ ಹಳೆಯ ರೂಢಿ. ಇವನ್ನು ಕಣ್ಣು, ನಾಲಗೆ, ತಕ್ಕಡಿಗಳಿಂದ ಪತ್ತೆಹಚ್ಚಬಹುದು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಹುಟ್ಟಿಕೊಂಡ ಇನ್ನೊಂದು ಕಲಬೆರಕೆಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪ್ರಾಣಿಗೆ ಕೊಟ್ಟ ಔಷಧಿಯು ಅದರ ಮಾಂಸದಲ್ಲಿಯೂ ಹಾಲಿನಲ್ಲಿಯೂ ಉಳಿದು ಮನುಷ್ಯನ ದೇಹವನ್ನು ಸೇರುವುದೇ ಅದು. ಅದರಲ್ಲಿಯೂ ಆಂಟಿಬಯೋಟಿಕ್ ಎಂದು ಎಲ್ಲರೂ ಬಲ್ಲ ಪ್ರತಿಜೀವಕ ಔಷಧಿಗಳ ಚರಿತ್ರೆ ವಿಚಾರಾರ್ಹವಾದುದು.

1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಅನ್ನು ಕಂಡುಹಿಡಿದರು. 1945ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಸ್ವೀಕರಿಸಿ ಮಾಡಿದ ಭಾಷಣದಲ್ಲಿಯೇ ಅವರು ಎಚ್ಚರಿಕೆ ನೀಡಿದ್ದರು: ಔಷಧಿಯನ್ನು ಸಾಲದಷ್ಟು ಪ್ರಮಾಣದಲ್ಲಿ ಕೊಟ್ಟರೆ ರೋಗಾಣುಗಳು ಸಾಯುವ ಬದಲು ಅದನ್ನು ತಡೆದುಕೊಳ್ಳಲು ಕಲಿಯುತ್ತವೆ. ಆದರೆ ಲಾಭದ ಕಿವಿಗೆ ಈ ಮಾತು ಕೇಳಿಸಲಿಲ್ಲ. ಅಮೆರಿಕದ ಲೆಡರ್ಲಿ ಸಂಸ್ಥೆಯ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಅವರು ಆರಿಯೋಮೈಸಿನ್ ತಯಾರಿಕೆಯಲ್ಲಿ ಉಳಿದ ಚರಟವನ್ನು ಕೋಳಿಮರಿಗಳಿಗೆ ತಿನ್ನಿಸಿದಾಗ ಅವು ಬೇಗ ಬೆಳೆದವು. 1950ರ ವೇಳೆಗೆ ಈ ಸಂಗತಿ ಪ್ರಕಟವಾಯಿತು. ಅಂದಿನಿಂದ ರೋಗವಿಲ್ಲದ ಪ್ರಾಣಿಗೂ ತೂಕ ಹೆಚ್ಚಿಸುವ ಸಲುವಾಗಿ ದಿನನಿತ್ಯ ಅಲ್ಪ ಪ್ರಮಾಣದ ಔಷಧಿ ಕೊಡುವ ಪದ್ಧತಿ ಹರಡಿತು. ಫ್ಲೆಮಿಂಗ್ ಯಾವುದನ್ನು ಅಪಾಯವೆಂದರೋ ಅದೇ ವ್ಯಾಪಾರದ ನಿಯಮವಾಯಿತು.

ಪಶ್ಚಾತ್ತಾಪವೂ ಅಲ್ಲಿಂದಲೇ ಆರಂಭವಾಯಿತು. 1969ರಲ್ಲಿ ಬ್ರಿಟನ್ನಿನ ಸ್ವಾನ್ ಸಮಿತಿಯು, ಮನುಷ್ಯರ ಚಿಕಿತ್ಸೆಗೆ ಬೇಕಾದ ಪ್ರತಿಜೀವಕಗಳನ್ನು ಬೆಳವಣಿಗೆಗಾಗಿ ಮೇವಿನಲ್ಲಿ ಬೆರೆಸಕೂಡದೆಂದು ಸಲಹೆಯಿತ್ತಿತು. ಸ್ವೀಡನ್ 1986ರಲ್ಲಿ ಇಂತಹ ಬಳಕೆಯನ್ನು ನಿಷೇಧಿಸಿತು. ಐರೋಪ್ಯ ಒಕ್ಕೂಟವು 2006ರಲ್ಲಿ ಅದನ್ನು ಪೂರ್ಣವಾಗಿ ನಿಲ್ಲಿಸಿತು.

ಭಾರತದಲ್ಲಿ 2012ರ ಜನವರಿಯಲ್ಲಿ ಔಷಧ ನಿಯಮಗಳಿಗೆ ಮಹತ್ವದ ತಿದ್ದುಪಡಿಯಾಯಿತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳ ಔಷಧಿಯ ಮೇಲೆ, ಕೊನೆಯ ಸಲ ಔಷಧಿ ಕೊಟ್ಟ ದಿನಕ್ಕೂ ಮಾರಾಟಕ್ಕೂ ನಡುವೆ ಎಷ್ಟು ದಿನ ಬಿಡಬೇಕೆಂದು ನಮೂದಿಸುವುದು ಕಡ್ಡಾಯವಾಯಿತು. ಆ ಅವಧಿ ಪರೀಕ್ಷೆಯಿಂದ ನಿರ್ಧಾರವಾಗದಿದ್ದಲ್ಲಿ ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. 2014ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ರಾಜಧಾನಿ ಪ್ರದೇಶದ 70 ಕೋಳಿಗಳ ಮಾದರಿಗಳನ್ನು ಪರೀಕ್ಷಿಸಿದಾಗ ಶೇಕಡಾ 40ರಲ್ಲಿ ಪ್ರತಿಜೀವಕಗಳ ಶೇಷ ಕಂಡುಬಂದಿತು. 2015ರಲ್ಲಿ ಚೀನಾದ ಹಂದಿಗಳಲ್ಲಿಯೂ ಮಾಂಸದಲ್ಲಿಯೂ ರೋಗಿಗಳಲ್ಲಿಯೂ ಕೊಲಿಸ್ಟಿನ್ ಔಷಧಿಗೆ ಬಗ್ಗದ ರೋಗಾಣುಗಳು ದೊರೆತವು. ಬೇರೆಲ್ಲ ಮದ್ದುಗಳು ಸೋತ ಮೇಲೆ ವೈದ್ಯರು ಕೈಗೆತ್ತಿಕೊಳ್ಳುವ ಔಷಧಿಯದು. ಭಾರತ ಸರಕಾರವು 2019ರ ಜುಲೈನಲ್ಲಿ ಪಶು, ಕೋಳಿ, ಮೀನು ಸಾಕಣೆಗಾಗಿ ಅದರ ತಯಾರಿಕೆ ಹಾಗೂ ಮಾರಾಟವನ್ನು ನಿಷೇಧಿಸಿತು.

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಜನ ಇದು ದೂರದ ಸಂಗತಿಯೆಂದು ಭಾವಿಸುವಂತಿಲ್ಲ. ತೆಂಗು, ರಾಗಿಗಳ ಜೊತೆಗೆ ಕುರಿ, ಕೋಳಿ, ಹಸುಗಳನ್ನು ನಂಬಿದ ಸಂಸಾರಗಳು ಇಲ್ಲಿ ಬಹಳ. ಗುತ್ತಿಗೆ ಸಾಕಣೆಯಲ್ಲಿ ಮರಿ, ಮೇವು, ಔಷಧಿ ಕಂಪನಿಯವು. ಕೊಟ್ಟಿಗೆ ಮತ್ತು ದುಡಿಮೆ ರೈತನವು. ಮಾಂಸದ ಕೋಳಿಯ ಆಯುಸ್ಸೇ ಸುಮಾರು 40 ದಿನ. 28 ದಿನಗಳ ನಿಯಮ ಅನ್ವಯಿಸುವ ಔಷಧಿಯನ್ನು ಹನ್ನೆರಡನೆಯ ದಿನದ ಅನಂತರ ಕೊಟ್ಟರೆ ಆ ಹಕ್ಕಿ ಸಕಾಲಕ್ಕೆ ಮಾರಾಟಕ್ಕೆ ಬರಲಾರದು. ಕಾದರೆ ಮೇವಿನ ಖರ್ಚು, ಕಾಯದಿದ್ದರೆ ತಿನ್ನುವವನಿಗೆ ಕೇಡು. ಈ ಇಕ್ಕಟ್ಟಿನಲ್ಲಿ ಬಡ ರೈತನೊಬ್ಬನನ್ನೇ ದೂಷಿಸುವುದು ನ್ಯಾಯವಲ್ಲ. ಸ್ವಚ್ಛ ಕೊಟ್ಟಿಗೆ, ಸಕಾಲದ ಲಸಿಕೆ, ಪಶುವೈದ್ಯರ ಚೀಟಿ ಇವುಗಳಿಗೆ ತಗಲುವ ವೆಚ್ಚವನ್ನು ಲಾಭ ಪಡೆಯುವವರೆಲ್ಲರೂ ಹೊರಬೇಕು.

ಔಷಧಿಯ ಶೇಷ ಏನು ಮಾಡಬಲ್ಲದು ಎಂಬುದಕ್ಕೆ ಸಾಕ್ಷಿ ಹತ್ತಿರದಲ್ಲಿಯೇ ಇದೆ. ಕುಣಿಗಲ್ಲಿನ ಆಗ್ನೇಯಕ್ಕಿರುವ ರಾಮನಗರದ ರಾಮದೇವರ ಬೆಟ್ಟವು 2012ರಲ್ಲಿ ರಣಹದ್ದುಗಳ ಅಭಯಧಾಮವಾಯಿತು. ದನಗಳಿಗೆ ನೋವು ಕಳೆಯಲು ಕೊಟ್ಟ ಡೈಕ್ಲೋಫಿನಾಕ್ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸಿತೆಂದು 2004ರಲ್ಲಿ ವಿಜ್ಞಾನಿಗಳು ತೋರಿಸಿದರು. 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಗುವ ಹೊತ್ತಿಗೆ ದೇಶದ ರಣಹದ್ದುಗಳ ಬಹುಪಾಲು ಅಳಿದಿತ್ತು. ಡೈಕ್ಲೋಫಿನಾಕ್ ಪ್ರತಿಜೀವಕವಲ್ಲ, ಆದರೆ ಪಾಠ ಒಂದೇ. ಒಂದು ಜೀವಿಗೆ ಕೊಟ್ಟ ಮದ್ದು ಆ ಜೀವಿಯಲ್ಲಿಯೇ ಮುಗಿಯುವುದಿಲ್ಲ.

ಮಾಂಸವನ್ನು ಮುಟ್ಟದವರಿಗೆ ಇದರ ಬಾಧೆ ಇಲ್ಲವೆಂಬ ಸಮಾಧಾನವೂ ಹುಸಿ. ಕೆಚ್ಚಲು ಬಾವಿಗೆ ಚಿಕಿತ್ಸೆ ಪಡೆದ ಹಸುವಿನ ಹಾಲನ್ನು ಅವಧಿಗೆ ಮುನ್ನ ಡೈರಿಗೆ ಹಾಕಿದರೆ ಔಷಧಿ ಅದರೊಂದಿಗೆ ಬರುತ್ತದೆ. ಅಂತಹ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕೂಡದಿರಬಹುದು. 2018ರ ರಾಷ್ಟ್ರೀಯ ಹಾಲು ಸಮೀಕ್ಷೆಯ 6,432 ಮಾದರಿಗಳಲ್ಲಿ 77ರಲ್ಲಿ ಪ್ರತಿಜೀವಕ ಮಿತಿ ಮೀರಿತ್ತು. ಇನ್ನು ಮದ್ದಿಗೆ ಬಗ್ಗದ ರೋಗಾಣುವು ಗೊಬ್ಬರ, ನೀರು, ಕೈಗಳ ಮೂಲಕ ಹರಡುವಾಗ ಯಾರ ಊಟದ ನಿಯಮವನ್ನೂ ಕೇಳುವುದಿಲ್ಲ.

ಅಚೌರ್ಯ ವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನು, ಅಂದರೆ ಒಂದನ್ನು ತೋರಿಸಿ ಇನ್ನೊಂದನ್ನು ಬೆರೆಸಿ ಮಾರುವುದನ್ನು, ಪೂರ್ವಾಚಾರ್ಯರು ಎಣಿಸಿದ್ದಾರೆ. ಚೀಟಿಯಿಲ್ಲದೆ ಔಷಧಿ ಮಾರುವ ಅಂಗಡಿ, ಮೇವಿನಲ್ಲಿ ಏನಿದೆಯೆಂದು ತಿಳಿಸದ ತಯಾರಕ, ದಿನ ತುಂಬದ ಪ್ರಾಣಿಯನ್ನು ಕೊಳ್ಳುವ ದಲ್ಲಾಳಿ ಈ ಮಾತನ್ನು ತಮ್ಮ ತಮ್ಮ ಲೆಕ್ಕದ ಪುಸ್ತಕದ ಮುಂದೆ ಕುಳಿತು ಯೋಚಿಸಬೇಕು. ಕಣ್ಣಿಗೆ ಕಂಡ ಕಲಬೆರಕೆಯನ್ನು ಗಿರಾಕಿಯೇ ಹಿಡಿದಾನು. ಕಾಣದ್ದನ್ನು ತಡೆಯಬೇಕಾದವನು ಮಾರುವವನೇ.